ಅತಿವಾಹಕ ತೆಳುಪೊರೆಯ ಮೇಲೆ ಎಲೆಕ್ಟ್ರಾನ್ ದೂಲ: ಬಿಸಿ ಹುಟ್ಟುವುದೆಲ್ಲಿ, ಹೋಗುವುದೆಲ್ಲಿಗೆ?

ಒಂದು ಸರಳ ಪ್ರಯೋಗ. ದೊಡ್ಡವರ ಜೊತೆಯಲ್ಲಿ ಯಾರು ಬೇಕಾದರೂ ಮಾಡಬಹುದು. ನಾಣ್ಯವೊಂದನ್ನು ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಬಟ್ಟೆ ಸುಕ್ಕಿಲ್ಲದೆ ಲೋಹಕ್ಕೆ ಬಿಗಿಯಾಗಿ ಅಂಟಿರುವಂತೆ ಹಿಂದಿನಿಂದ ಹಿಡಿದುಕೊಳ್ಳಿ. ಊದುಬತ್ತಿಯ ಕೆಂಡವನ್ನು ನಾಣ್ಯದ ಮೇಲಿನ ಬಟ್ಟೆಗೆ ಕ್ಷಣಕಾಲ ತಾಗಿಸಿ ತೆಗೆಯಿರಿ. ಬೂದಿ ಕೊಡವಿ ನೋಡಿದರೆ ಬಟ್ಟೆ ಸುಟ್ಟಿರುವುದಿಲ್ಲ. ಅದೇ ಬಟ್ಟೆಯನ್ನು ಮರದ ತುಂಡಿಗೆ ಸುತ್ತಿ ಅಷ್ಟೇ ಹೊತ್ತು ಕೆಂಡ ತಾಗಿಸಿದರೆ ಸುಟ್ಟ ಗುರುತು ಬೀಳುತ್ತದೆ. ಬಟ್ಟೆ ಒಂದೇ, ಕೆಂಡ ಒಂದೇ, ಹೊತ್ತೂ ಒಂದೇ. ಬೇರೆಯಾದದ್ದು ಬಟ್ಟೆಯ ಹಿಂದಿರುವ ವಸ್ತು ಮಾತ್ರ. ನಾಣ್ಯವು ಉಷ್ಣವನ್ನು ಬೇಗನೆ ಹೀರಿ ಹರಡಿಬಿಡುತ್ತದೆ; ಮರ ಹಾಗೆ ಮಾಡಲಾರದು.

ಈ ಲೇಖನದಲ್ಲಿ ಬಟ್ಟೆಯ ಬದಲು ಅತಿವಾಹಕದ ತೆಳುಪೊರೆ, ಕೆಂಡದ ಬದಲು ಎಲೆಕ್ಟ್ರಾನ್ ದೂಲ. ಪ್ರಶ್ನೆ ಮಾತ್ರ ಅದೇ: ಪೊರೆ ಉಳಿಯುತ್ತದೆಯೇ, ಇಲ್ಲವೇ? ಉತ್ತರ ಬಹುಪಾಲು ನಿಂತಿರುವುದು ದೂಲ ಎಷ್ಟು ಉಷ್ಣ ತಂದಿತು ಎಂಬುದರ ಮೇಲಲ್ಲ, ಆ ಉಷ್ಣ ಯಾವ ದಾರಿಯಲ್ಲಿ ಹೊರಗೆ ಹೋಯಿತು ಎಂಬುದರ ಮೇಲೆ. ಸೂಕ್ಷ್ಮದರ್ಶಕದಿಂದ ಹಿಡಿದು ಕಣ ವೇಗವರ್ಧಕದವರೆಗೆ ಹಲವು ಉಪಕರಣಗಳ ಅಳಿವು ಉಳಿವು ಈ ಒಂದು ಸಂಗತಿಗೆ ಗಂಟುಬಿದ್ದಿದೆ.

ಅತಿವಾಹಕ ಎಂದರೆ

ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ 1908ರಲ್ಲಿ ಹೀಲಿಯಮ್ ಅನಿಲವನ್ನು ದ್ರವೀಕರಿಸಿದರು. ಮೂರು ವರ್ಷಗಳ ನಂತರ, 1911ರಲ್ಲಿ, ಪಾದರಸವನ್ನು ಆ ದ್ರವದಲ್ಲಿ ತಂಪುಗೊಳಿಸಿದಾಗ ಸುಮಾರು 4.2 ಕೆಲ್ವಿನ್ ತಾಪದಲ್ಲಿ ಅದರ ವಿದ್ಯುತ್ ರೋಧ ಥಟ್ಟನೆ ಮಾಯವಾಯಿತು. ಇದೇ ಅತಿವಾಹಕತೆ. ಪ್ರತಿ ಅತಿವಾಹಕಕ್ಕೂ ಒಂದು ಕ್ರಾಂತಿಕ ತಾಪವಿದೆ. ಅದರ ಕೆಳಗೆ ರೋಧ ಸೊನ್ನೆ, ಮೇಲೆ ಅದು ಸಾಮಾನ್ಯ ವಾಹಕ. ನಿಯೋಬಿಯಮ್‌ನ ಕ್ರಾಂತಿಕ ತಾಪ ಸುಮಾರು 9.2 ಕೆಲ್ವಿನ್. 1987ರಲ್ಲಿ ಅಮೆರಿಕದಲ್ಲಿ ಮೊದಲು ತಯಾರಾದ ಇಟ್ರಿಯಮ್-ಬೇರಿಯಮ್-ತಾಮ್ರದ ಆಕ್ಸೈಡಿನದು ಸುಮಾರು 92 ಕೆಲ್ವಿನ್. ಅಂದರೆ ದ್ರವ ನೈಟ್ರೋಜನ್ನಿನ 77 ಕೆಲ್ವಿನ್‌ಗಿಂತ ಮೇಲೆ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರೂ ಈ ಕುಟುಂಬದ ಆಕ್ಸೈಡುಗಳ ಮೇಲೆ ಕೆಲಸ ಮಾಡಿ ಪ್ರಕಟಿಸಿದರು.

ರೋಧ ಏಕೆ ಮಾಯವಾಗುತ್ತದೆ ಎಂಬುದಕ್ಕೆ 1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ವಿವರಣೆ ಕೊಟ್ಟರು. ನಿಯೋಬಿಯಮ್, ಪಾದರಸದಂಥ ಲೋಹಗಳಲ್ಲಿ ತಂಪು ಹೆಚ್ಚಿದಾಗ ಎಲೆಕ್ಟ್ರಾನುಗಳು ಸ್ಫಟಿಕ ಜಾಲಕದ ಕಂಪನಗಳ ಮೂಲಕ ಎರಡೆರಡಾಗಿ ಜೊತೆಗೂಡುತ್ತವೆ. ಇವೇ ಕೂಪರ್ ಜೋಡಿಗಳು. ಜೋಡಿಗಳೆಲ್ಲ ಒಂದೇ ಲಯದಲ್ಲಿ ಸಾಗುವುದರಿಂದ ಅವುಗಳ ನಡೆಗೆ ಅಡ್ಡಿಯಿಲ್ಲ. ಆದರೆ ಜೋಡಿಯ ಬಂಧ ಬಹಳ ಸಡಿಲ. ನಿಯೋಬಿಯಮ್‌ನಲ್ಲಿ ಒಂದು ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಸಾವಿರದಲ್ಲಿ ಮೂರು ಪಾಲು ಮಾತ್ರ. ಈ ಸಂಖ್ಯೆಯನ್ನು ನೆನಪಿಡಿ.

ಪ್ರಯೋಗಾಲಯದಲ್ಲಿ ಅತಿವಾಹಕವನ್ನು ಹೆಚ್ಚಾಗಿ ತೆಳುಪೊರೆಯ ರೂಪದಲ್ಲಿ ಬಳಸುತ್ತಾರೆ. ನೀಲಮಣಿ, ಸ್ಟ್ರಾನ್ಷಿಯಮ್ ಟೈಟನೇಟ್, ಸಿಲಿಕಾನ್ ಮುಂತಾದ ಸ್ಫಟಿಕದ ಬಿಲ್ಲೆಯ ಮೇಲೆ 0.1ರಿಂದ 0.3 ಮೈಕ್ರೋಮೀಟರ್ ದಪ್ಪಕ್ಕೆ ಅತಿವಾಹಕವನ್ನು ಲೇಪಿಸುತ್ತಾರೆ. ತಲೆಗೂದಲಿನ ದಪ್ಪದ ಕೆಲವು ನೂರರಲ್ಲೊಂದು ಪಾಲು ಎನ್ನಿ. ಅಡಿಯಲ್ಲಿರುವ ಬಿಲ್ಲೆಯನ್ನು ಆಧಾರ ಫಲಕ ಎಂದು ಕರೆಯೋಣ.

ದೂಲ ತರುವ ಶಕ್ತಿ ಎಷ್ಟು?

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಲೆಕ್ಟ್ರಾನುಗಳನ್ನು 25,000 ವೋಲ್ಟ್ ವಿಭವಾಂತರದಲ್ಲಿ ಓಡಿಸಿ, ಮಸೂರಗಳಂತೆ ವರ್ತಿಸುವ ಕಾಂತ ಸುರುಳಿಗಳಿಂದ ಸಣ್ಣ ಬಿಂದುವಿಗೆ ಕೇಂದ್ರೀಕರಿಸಿ ಮಾದರಿಯ ಮೇಲೆ ಬೀಳಿಸುತ್ತಾರೆ. ದೂಲದ ವಿದ್ಯುತ್ ಪ್ರವಾಹ ಒಂದು ನ್ಯಾನೋ ಆಂಪಿಯರ್, ಅಂದರೆ ಆಂಪಿಯರಿನ ನೂರು ಕೋಟಿಯಲ್ಲೊಂದು ಪಾಲು ಎಂದುಕೊಳ್ಳಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ: 25 ಮೈಕ್ರೋವಾಟ್. ಟಿ.ವಿ.ಯ ಮುಂದೆ ಉರಿಯುವ ಪುಟ್ಟ ಸೂಚಕ ದೀಪಕ್ಕೆ ಬೇಕಾದ ಸಾಮರ್ಥ್ಯದ ಸಾವಿರದಲ್ಲೊಂದು ಪಾಲಿನಷ್ಟೂ ಇಲ್ಲ.

ಆದರೆ ಇದು ಬೀಳುವ ಜಾಗವನ್ನೂ ನೋಡಬೇಕು. ಒಂದು ಮೈಕ್ರೋಮೀಟರ್ ತ್ರಿಜ್ಯದ ವೃತ್ತದೊಳಗೆ 25 ಮೈಕ್ರೋವಾಟ್ ಎಂದರೆ ಚದರ ಮೀಟರಿಗೆ ಸುಮಾರು 80 ಲಕ್ಷ ವಾಟ್ ಆಗುತ್ತದೆ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಹೆಚ್ಚುಕಡಿಮೆ 1000 ವಾಟ್. ಅಂದರೆ ಪೊರೆಯ ಆ ಚುಕ್ಕೆಯ ಮೇಲೆ ಎಂಟು ಸಾವಿರ ಸೂರ್ಯರು ಒಟ್ಟಿಗೆ ಕಾಯುತ್ತಿದ್ದಂತೆ!

ಇನ್ನೊಂದು ಲೆಕ್ಕ. ಒಂದು ನ್ಯಾನೋ ಆಂಪಿಯರ್ ಪ್ರವಾಹದಲ್ಲಿ ಸೆಕೆಂಡಿಗೆ ಸುಮಾರು 620 ಕೋಟಿ ಎಲೆಕ್ಟ್ರಾನುಗಳು ಬರುತ್ತವೆ. ಪ್ರತಿಯೊಂದೂ ತರುವ ಶಕ್ತಿ 25,000 ಎಲೆಕ್ಟ್ರಾನ್ ವೋಲ್ಟ್. ಕೂಪರ್ ಜೋಡಿಯೊಂದನ್ನು ಬಿಡಿಸಲು ಬೇಕಾದದ್ದು 0.003 ಎಲೆಕ್ಟ್ರಾನ್ ವೋಲ್ಟ್. ಭಾಗಿಸಿ ನೋಡಿ: ಒಂದೇ ಎಲೆಕ್ಟ್ರಾನ್ ತನ್ನ ಶಕ್ತಿಯನ್ನೆಲ್ಲ ಈ ಕೆಲಸಕ್ಕೇ ಖರ್ಚುಮಾಡಿದರೆ 80 ಲಕ್ಷಕ್ಕೂ ಹೆಚ್ಚು ಜೋಡಿಗಳನ್ನು ಒಡೆಯಬಲ್ಲದು. ಹೀಗಿರುವಾಗ ದೂಲ ಬಿದ್ದ ಕ್ಷಣದಲ್ಲೇ ಪೊರೆಯ ಅತಿವಾಹಕತೆ ಹಾಳಾಗಬೇಕಿತ್ತಲ್ಲವೆ? ವಾಸ್ತವದಲ್ಲಿ ಬಹಳಷ್ಟು ಸಲ ಹಾಗಾಗುವುದಿಲ್ಲ. ಏಕೆ?

ಎಲೆಕ್ಟ್ರಾನ್ ನಿಲ್ಲುವುದು ಎಲ್ಲಿ?

ಮೊದಲ ಕಾರಣ, 25,000 ವೋಲ್ಟಿನ ಎಲೆಕ್ಟ್ರಾನ್ ತೆಳುಪೊರೆಯೊಳಗೆ ನಿಲ್ಲುವುದೇ ಇಲ್ಲ. ಘನವಸ್ತುವಿನೊಳಗೆ ಹೊಕ್ಕ ಎಲೆಕ್ಟ್ರಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತ, ದಿಕ್ಕು ಬದಲಿಸುತ್ತ, ಶಕ್ತಿ ಕಳೆದುಕೊಳ್ಳುತ್ತ ಸಾಗುತ್ತದೆ. ಈ ಶಕ್ತಿಯಲ್ಲಿ ಅದು ನಿಯೋಬಿಯಮ್‌ನೊಳಗೆ ಸುಮಾರು 2.4 ಮೈಕ್ರೋಮೀಟರ್, ನೀಲಮಣಿಯಂತಹ ಹಗುರ ವಸ್ತುವಿನಲ್ಲಿ ಸುಮಾರು 4 ಮೈಕ್ರೋಮೀಟರ್ ಆಳಕ್ಕೆ ಇಳಿಯುತ್ತದೆ. ಪೊರೆಯ ದಪ್ಪವಾದರೋ 0.2 ಮೈಕ್ರೋಮೀಟರ್. ಎಲೆಕ್ಟ್ರಾನುಗಳು ಪೊರೆಯನ್ನು ದಾಟಿ, ಆಧಾರ ಫಲಕದೊಳಗೆ ಬುರುಡೆ ಬಲ್ಬಿನ ಆಕಾರದಲ್ಲಿ ಹರಡಿ, ಶಕ್ತಿಯ ಬಹುಭಾಗವನ್ನು ಅಲ್ಲೇ ಸುರಿಯುತ್ತವೆ. ಕೆಲವು ಎಲೆಕ್ಟ್ರಾನುಗಳು ಹಿಂದಕ್ಕೆ ಚದರಿ ಪೊರೆಯಿಂದ ಹೊರಗೇ ಹೋಗಿಬಿಡುತ್ತವೆ.

ಹಾಗಾಗಿ 'ದೂಲ ಪೊರೆಯನ್ನು ಕಾಯಿಸುತ್ತದೆ' ಎನ್ನುವ ಮಾತನ್ನು ಸ್ವಲ್ಪ ತಿದ್ದಿ ಹೇಳಬೇಕು. ದೂಲ ಕಾಯಿಸುವುದು ಮುಖ್ಯವಾಗಿ ಪೊರೆಯ ಕೆಳಗಿನ ಫಲಕವನ್ನು. ಫಲಕ ಬಿಸಿಯಾದಾಗ ಅದರ ಮೇಲೆ ಕುಳಿತ ಪೊರೆಯೂ ಬಿಸಿಯಾಗುತ್ತದೆ. ರೊಟ್ಟಿ ಬೇಯುವುದು ಹಂಚು ಕಾದಾಗ ಅಲ್ಲವೆ, ಹಾಗೆ.

ವೋಲ್ಟೇಜ್ ತಗ್ಗಿಸಿದರೆ ಚಿತ್ರ ಬದಲಾಗುತ್ತದೆ. 5,000 ವೋಲ್ಟಿನ ಎಲೆಕ್ಟ್ರಾನ್ ನಿಯೋಬಿಯಮ್‌ನಲ್ಲಿ ಸುಮಾರು 0.16 ಮೈಕ್ರೋಮೀಟರ್ ಮಾತ್ರ ಇಳಿಯುತ್ತದೆ. ಆಗ ಚದರಿ ಹೋದದ್ದನ್ನು ಬಿಟ್ಟು ಉಳಿದ ಶಕ್ತಿಯೆಲ್ಲ ಪೊರೆಯೊಳಗೇ ಬೀಳುತ್ತದೆ. ಕಡಿಮೆ ವೋಲ್ಟಿನ ದೂಲ ಸೌಮ್ಯವಾದದ್ದು ಎಂದು ಎಣಿಸುವುದು ಸಹಜ. ಆದರೆ ಪೊರೆಯ ಪಾಲಿಗೆ ಬರುವ ಉಷ್ಣದ ಲೆಕ್ಕದಲ್ಲಿ ಇದು ಯಾವಾಗಲೂ ನಿಜವಲ್ಲ.

ಶಕ್ತಿ ಉಷ್ಣವಾಗುವ ಬಗೆ

ಪೊರೆಯಲ್ಲಿ ಉಳಿದ ಅಷ್ಟಿಷ್ಟು ಶಕ್ತಿಯ ಕಥೆ ಏನು? ವೇಗದ ಎಲೆಕ್ಟ್ರಾನ್ ಮೊದಲು ಪರಮಾಣುಗಳಿಂದ ಇತರ ಎಲೆಕ್ಟ್ರಾನುಗಳನ್ನು ಕಿತ್ತೆಬ್ಬಿಸುತ್ತದೆ. ಅವು ಮತ್ತಷ್ಟನ್ನು ಎಬ್ಬಿಸುತ್ತವೆ. ಹೀಗೆ ಶಕ್ತಿ ಹೆಚ್ಚು ಹೆಚ್ಚು ಎಲೆಕ್ಟ್ರಾನುಗಳಿಗೆ ಹಂಚಿಹೋಗುತ್ತ ಸಣ್ಣ ಸಣ್ಣ ತುಣುಕುಗಳಾಗುತ್ತದೆ. ನಂತರ ಎಲೆಕ್ಟ್ರಾನುಗಳು ಆ ಶಕ್ತಿಯನ್ನು ಜಾಲಕದ ಕಂಪನಗಳಿಗೆ ದಾಟಿಸುತ್ತವೆ. ಕಂಪನಗಳ ಈ ಶಕ್ತಿ ತುಣುಕುಗಳಿಗೆ ಫೋನಾನ್ ಎಂದು ಹೆಸರು. ನಾವು ಉಷ್ಣ ಎನ್ನುವುದು ಬಹುಮಟ್ಟಿಗೆ ಫೋನಾನುಗಳ ಗದ್ದಲವನ್ನೇ.

ಅತಿವಾಹಕದಲ್ಲಿ ಇಲ್ಲೊಂದು ವಿಶೇಷವಿದೆ. ತಕ್ಕಷ್ಟು ಶಕ್ತಿಯಿರುವ ಫೋನಾನ್ ಒಂದು ಕೂಪರ್ ಜೋಡಿಯನ್ನು ಒಡೆಯುತ್ತದೆ. ಬಿಡಿಯಾದ ಎರಡು ಎಲೆಕ್ಟ್ರಾನುಗಳು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಜೊತೆಗೂಡಿದಾಗ ಅಷ್ಟೇ ಶಕ್ತಿಯ ಇನ್ನೊಂದು ಫೋನಾನ್ ಹೊರಬೀಳುತ್ತದೆ. ಅದು ಮತ್ತೊಂದು ಜೋಡಿಯನ್ನು ಒಡೆಯುತ್ತದೆ! 1967ರಲ್ಲಿ ರಾತ್‌ವಾರ್ಫ್ ಮತ್ತು ಟೇಲರ್ ಈ ಸರಪಳಿಯನ್ನು ಸಮೀಕರಣಗಳಲ್ಲಿ ಬರೆದು ತೋರಿಸಿದರು. ಎಲೆಕ್ಟ್ರಾನುಗಳು ಮತ್ತೆ ಜೊತೆಗೂಡಿದ ಮಾತ್ರಕ್ಕೆ ಪೊರೆ ತಣ್ಣಗಾಗುವುದಿಲ್ಲ. ಆ ಫೋನಾನ್ ಪೊರೆಯ ಗಡಿ ದಾಟಿ ಫಲಕಕ್ಕೆ ಹೋದಾಗಲೇ ಲೆಕ್ಕ ಚುಕ್ತಾ. ಅಂದರೆ ಸೂಕ್ಷ್ಮ ಮಟ್ಟದಲ್ಲೂ ಹೊರದಾರಿಯೇ ನಿರ್ಣಾಯಕ.

ತಂಪಿನಲ್ಲಿ ಅಲ್ಪ ಉಷ್ಣವೂ ದೊಡ್ಡದು

ಒಂದು ಕಿಲೋಗ್ರಾಂ ವಸ್ತುವಿನ ತಾಪವನ್ನು ಒಂದು ಕೆಲ್ವಿನ್ ಏರಿಸಲು ಬೇಕಾದ ಉಷ್ಣವೇ ಅದರ ವಿಶಿಷ್ಟೋಷ್ಣ. ತಾಮ್ರಕ್ಕೆ ಇದು ಕೋಣೆಯ ತಾಪದಲ್ಲಿ ಸುಮಾರು 385 ಜೂಲ್, 77 ಕೆಲ್ವಿನ್‌ನಲ್ಲಿ ಅದರ ಅರ್ಧದಷ್ಟು, 4.2 ಕೆಲ್ವಿನ್‌ನಲ್ಲಿ ಬರೀ 0.1 ಜೂಲ್! ತಾಪ ಇಳಿದಂತೆ ಜಾಲಕದ ವಿಶಿಷ್ಟೋಷ್ಣ ತಾಪದ ಘನಕ್ಕೆ ಅನುಪಾತವಾಗಿ ಕುಸಿಯುವುದೇ ಇದಕ್ಕೆ ಮುಖ್ಯ ಕಾರಣ. ಕೋಣೆಯ ತಾಪದಲ್ಲಿ ಲೆಕ್ಕಕ್ಕೇ ಬಾರದಷ್ಟು ಉಷ್ಣ, ದ್ರವ ಹೀಲಿಯಮ್ ತಾಪದಲ್ಲಿ ಅದೇ ವಸ್ತುವನ್ನು ಹಲವು ಕೆಲ್ವಿನ್ ಮೇಲಕ್ಕೆ ತಳ್ಳಬಲ್ಲದು. ನಿಯೋಬಿಯಮ್ ಪೊರೆ 4.2ರಿಂದ 9.2ಕ್ಕೆ ಏರಿದರೆ ಅದರ ಅತಿವಾಹಕತೆ ಮುಗಿದಂತೆ.

ಇನ್ನೊಂದು ಅಚ್ಚರಿಯನ್ನೂ ಗಮನಿಸಬೇಕು. ವಿದ್ಯುತ್ತನ್ನು ಅಡ್ಡಿಯಿಲ್ಲದೆ ಒಯ್ಯುವ ಅತಿವಾಹಕ ಉಷ್ಣವನ್ನೂ ಚೆನ್ನಾಗಿ ಒಯ್ಯುತ್ತದೆ ಎಂದು ಭಾವಿಸಬಹುದು. ನಿಜಸ್ಥಿತಿ ತದ್ವಿರುದ್ಧ. ಸಾಮಾನ್ಯ ಲೋಹದಲ್ಲಿ ಉಷ್ಣವನ್ನು ಹೊರುವುದು ಹೆಚ್ಚಾಗಿ ಬಿಡಿ ಎಲೆಕ್ಟ್ರಾನುಗಳು. ಕೂಪರ್ ಜೋಡಿಗಳು ಉಷ್ಣವನ್ನು ಹೊರುವುದಿಲ್ಲ. ಆದ್ದರಿಂದ ಕ್ರಾಂತಿಕ ತಾಪಕ್ಕಿಂತ ಬಹಳ ಕೆಳಗೆ ಅತಿವಾಹಕ ಲೋಹ ಉಷ್ಣದ ಮಟ್ಟಿಗೆ ಬಡ ವಾಹಕ. ಪೊರೆಯ ಉದ್ದಗಲದಲ್ಲಿ ಹರಿದು ಉಷ್ಣ ಚೆದುರಿಹೋಗಲಿ ಎಂದು ಕಾಯುವುದರಲ್ಲಿ ಹೆಚ್ಚು ಫಲವಿಲ್ಲ. ಅದು ಕೆಳಗಿಳಿದೇ ಹೋಗಬೇಕು.

ಹೊರದಾರಿಯ ಮೂರು ಹಂತ

ಕೆಳಗಿಳಿಯುವ ದಾರಿಯಲ್ಲಿ ಮೂರು ಹಂತಗಳಿವೆ: ಪೊರೆ, ಪೊರೆಗೂ ಫಲಕಕ್ಕೂ ನಡುವಿನ ಗಡಿ, ಕೊನೆಗೆ ಫಲಕ.

ಪೊರೆ ಬಹಳ ತೆಳುವಾದ್ದರಿಂದ ಮೊದಲ ಹಂತ ಸುಲಭ. ಎರಡನೆಯದು ಸೂಕ್ಷ್ಮವಾದದ್ದು. 1941ರಲ್ಲಿ ರಷ್ಯದ ಪ್ಯೋತ್ರ್ ಕಪಿಟ್ಸಾ ತಾಮ್ರದಿಂದ ದ್ರವ ಹೀಲಿಯಮ್‌ಗೆ ಉಷ್ಣ ದಾಟುವಾಗ ಗಡಿಯಲ್ಲೇ ತಾಪದ ಜಿಗಿತವೊಂದು ಇರುವುದನ್ನು ಪ್ರಕಟಿಸಿದರು. 1959ರಲ್ಲಿ ಡಬ್ಲ್ಯು. ಎ. ಲಿಟ್ಲ್ ಎರಡು ಘನವಸ್ತುಗಳ ಗಡಿಗೂ ಇದೇ ಬಗೆಯ ವಿಚಾರವನ್ನು ವಿಸ್ತರಿಸಿದರು. ಫೋನಾನ್ ಎಂದರೆ ಒಂದು ರೀತಿಯ ಶಬ್ದತರಂಗವೇ. ಗಾಳಿಯಲ್ಲಿ ಕೂಗಿದ ಕೂಗು ನೀರಿನೊಳಗೆ ಸರಿಯಾಗಿ ಹೊಗುವುದಿಲ್ಲ, ಬಹುಭಾಗ ಪ್ರತಿಫಲಿಸುತ್ತದೆ. ಪೊರೆ ಮತ್ತು ಫಲಕದ ಸಾಂದ್ರತೆ, ಶಬ್ದವೇಗಗಳು ಹೊಂದದಿದ್ದರೆ ಫೋನಾನುಗಳಿಗೂ ಇದೇ ಗತಿ. ಅಂಟಿಕೆ ಸರಿಯಿಲ್ಲದಿದ್ದರಂತೂ ಕಷ್ಟ ಇನ್ನೂ ಹೆಚ್ಚು. ನಾಣ್ಯದ ಮೇಲಿನ ಬಟ್ಟೆ ಸುಕ್ಕಾಗಿದ್ದರೆ ಆ ಸುಕ್ಕಿನಲ್ಲಿ ಅದು ಸುಡುತ್ತದೆ ಎಂಬುದನ್ನು ನೆನೆಯಿರಿ.

ಪೊರೆಯೊಳಗೆ ಬಿಸಿ ಎಷ್ಟು ದೂರ ಅಡ್ಡಕ್ಕೆ ಹರಡುತ್ತದೆ? ಪೊರೆಯ ಉಷ್ಣ ವಾಹಕತೆಯನ್ನು ಅದರ ದಪ್ಪದಿಂದ ಗುಣಿಸಿ, ಗಡಿಯ ಮೂಲಕ ಉಷ್ಣ ಇಳಿಯುವ ಸುಲಭತೆಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ಒಂದು ದೂರ ಬರುತ್ತದೆ. ಆ ದೂರದೊಳಗೆ ತಾಪ ಹಿಂದಿನ ಸ್ಥಿತಿಯತ್ತ ಇಳಿದುಬಿಡುತ್ತದೆ. ಗಡಿ ಒಳ್ಳೆಯದಾಗಿದ್ದರೆ ಈ ದೂರ ಒಂದು ಮೈಕ್ರೋಮೀಟರಿನ ಆಸುಪಾಸು. ಗಡಿ ಕೆಟ್ಟಷ್ಟೂ ಬಿಸಿಯ ಕಲೆ ದೊಡ್ಡದಾಗುತ್ತದೆ.

ಒಂದೇ ದೂಲ, ಮೂರು ಫಲಿತಾಂಶ

ಮೂರನೆಯ ಹಂತವಾದ ಫಲಕದ ಮಹತ್ವವನ್ನು ಅಂದಾಜು ಲೆಕ್ಕವೊಂದು ತೋರಿಸಿಕೊಡುತ್ತದೆ. ದೂಲದ 25 ಮೈಕ್ರೋವಾಟ್ ಪೂರ್ತಿಯಾಗಿ ಫಲಕದೊಳಗೆ 2 ಮೈಕ್ರೋಮೀಟರ್ ತ್ರಿಜ್ಯದ ಅರ್ಧಗೋಳದಲ್ಲಿ ಉಷ್ಣವಾಗುತ್ತದೆ ಎಂದಿಟ್ಟುಕೊಳ್ಳೋಣ. ಆಗ,

ತಾಪದ ಏರಿಕೆ = ಸಾಮರ್ಥ್ಯ ÷ (2 × 3.14 × ಉಷ್ಣ ವಾಹಕತೆ × ತ್ರಿಜ್ಯ)

ಮೊದಲನೆಯದು ನೀಲಮಣಿ. 90 ಕೆಲ್ವಿನ್ ಸುಮಾರಿನಲ್ಲಿ ಇದರ ಉಷ್ಣ ವಾಹಕತೆ ಮೀಟರ್-ಕೆಲ್ವಿನ್‌ಗೆ ನೂರಾರು ವಾಟ್. 500 ಎಂದು ತೆಗೆದುಕೊಂಡರೆ ತಾಪದ ಏರಿಕೆ 0.004 ಕೆಲ್ವಿನ್ ಮಾತ್ರ. ಇಷ್ಟು ಒಳ್ಳೆಯ ಫಲಕವಿದ್ದಾಗ ಅಡಚಣೆ ಉಳಿಯುವುದು ಫಲಕದಲ್ಲಲ್ಲ, ಗಡಿಯಲ್ಲಿ.

ಎರಡನೆಯದು ಸ್ಟ್ರಾನ್ಷಿಯಮ್ ಟೈಟನೇಟ್. ಅದೇ ತಾಪದಲ್ಲಿ ವಾಹಕತೆ ಸುಮಾರು 20. ಏರಿಕೆ 0.1 ಕೆಲ್ವಿನ್. ಇಟ್ರಿಯಮ್ ಆಕ್ಸೈಡಿನ ಪೊರೆಗೆ ಇದರಿಂದ ಅಪಾಯವಿಲ್ಲ, ಆದರೆ ಅಳೆಯುವಷ್ಟು ಬಿಸಿ ಖಂಡಿತ ಆಗುತ್ತದೆ.

ಮೂರನೆಯದು ಗಾಜು, 4.2 ಕೆಲ್ವಿನ್‌ನಲ್ಲಿ. ವಾಹಕತೆ ಸುಮಾರು 0.1. ಏರಿಕೆ 20 ಕೆಲ್ವಿನ್! ಪೊರೆಯ ಉದ್ದಗಲದಲ್ಲಿ ಒಂದಷ್ಟು ಉಷ್ಣ ಹರಿದು ಇದು ಅರ್ಧಕ್ಕೆ ಇಳಿದರೂ ಗಾಜಿನ ಮೇಲಿನ ನಿಯೋಬಿಯಮ್ ಪೊರೆ ಆ ಚುಕ್ಕೆಯಲ್ಲಿ ಅತಿವಾಹಕವಾಗಿ ಉಳಿಯದು.

ಒಂದೇ ದೂಲ, ಒಂದೇ ಸಾಮರ್ಥ್ಯ. ಫಲಿತಾಂಶದಲ್ಲಿ ಐದು ಸಾವಿರ ಪಟ್ಟು ಅಂತರ.

ಬಿಸಿಯೇ ಬೆಳಕಾದಾಗ

ಈ ಬಿಸಿಯನ್ನು ಕಾಟವೆಂದು ನೋಡುವ ಬದಲು ಸಾಧನವಾಗಿ ಬಳಸಬಹುದಲ್ಲ! ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಆರ್. ಪಿ. ಹ್ಯೂಬೆನರ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. 1980ರಲ್ಲಿ ಹ್ಯೂಬೆನರ್ ಅವರು ಅಮೆರಿಕದ ಜಾನ್ ಕ್ಲೆಮ್ ಜೊತೆ ಸೇರಿ ಇದರ ಸಿದ್ಧಾಂತವನ್ನು ಪ್ರಕಟಿಸಿದರು. ಅವರ ಉಪಕರಣದಲ್ಲಿ ಫಲಕದ ತಳ ದ್ರವ ಹೀಲಿಯಮ್‌ಗೆ ತಾಗಿರುತ್ತದೆ. ಮೇಲಿನ ಪೊರೆ ಸೂಕ್ಷ್ಮದರ್ಶಕದ ನಿರ್ವಾತದಲ್ಲಿದ್ದು ದೂಲಕ್ಕೆ ಮುಖಮಾಡಿರುತ್ತದೆ.

ಪೊರೆಯ ಪಟ್ಟಿಯೊಂದರಲ್ಲಿ ನಿಗದಿತ ವಿದ್ಯುತ್ತನ್ನು ಹರಿಸುತ್ತ ಅದರ ತಾಪವನ್ನು ಕ್ರಾಂತಿಕ ತಾಪದ ಹತ್ತಿರ ನಿಲ್ಲಿಸುತ್ತಾರೆ. ಅಲ್ಲಿ ರೋಧ ತಾಪದೊಂದಿಗೆ ಕಡಿದಾಗಿ ಏರುತ್ತದೆ. ದೂಲ ಒಂದು ಬಿಂದುವಿನ ಮೇಲೆ ಬಿದ್ದಾಗ ಅಲ್ಲಿನ ರೋಧ ತುಸು ಹೆಚ್ಚುತ್ತದೆ. ಪಟ್ಟಿಯ ಎರಡು ತುದಿಗಳ ನಡುವಿನ ವೋಲ್ಟೇಜ್ ಕೆಲವು ಮೈಕ್ರೋವೋಲ್ಟಿನಷ್ಟು ಬದಲಾಗುತ್ತದೆ. ದೂಲವನ್ನು ಸೆಕೆಂಡಿಗೆ ಸಾವಿರಾರು ಬಾರಿ ಹಚ್ಚಿ ಆರಿಸುತ್ತ, ಅದೇ ಲಯದಲ್ಲಿ ಏರಿಳಿಯುವ ವೋಲ್ಟೇಜನ್ನು ಮಾತ್ರ ಲಾಕ್-ಇನ್ ವರ್ಧಕದಿಂದ ಹೆಕ್ಕಿ ತೆಗೆಯುತ್ತಾರೆ. ತೆಳುಪೊರೆ ಕಾಯುವುದೂ ಆರುವುದೂ ಮೈಕ್ರೋಸೆಕೆಂಡಿಗಿಂತ ಎಷ್ಟೋ ಬೇಗನೆ ಮುಗಿಯುವುದರಿಂದ ಈ ಲಯಕ್ಕೆ ಅದು ಸಲೀಸಾಗಿ ಹೊಂದಿಕೊಳ್ಳುತ್ತದೆ. ದೂಲವನ್ನು ಸಾಲುಸಾಲಾಗಿ ಸರಿಸುತ್ತ ಹೋದರೆ ಪೊರೆಯ ಯಾವ ಭಾಗ ಮೊದಲು ಅತಿವಾಹಕತೆ ಕಳೆದುಕೊಳ್ಳುತ್ತದೆ ಎಂಬುದರ ಭೂಪಟವೇ ಸಿಗುತ್ತದೆ.

ಕಣ್ಣಿಗೆ ಒಂದೇ ಸಮನಾಗಿ ಕಾಣುವ ಪೊರೆಯಲ್ಲೂ ಒಳ್ಳೆಯ ಜಾಗ, ಕೆಟ್ಟ ಜಾಗಗಳಿರುತ್ತವೆ. 1987ರ ನಂತರ ಅಧಿಕ ತಾಪದ ಅತಿವಾಹಕಗಳ ಪೊರೆಗಳು ಬಂದಾಗ, ಸ್ಫಟಿಕದ ಕಣ ಕಣಗಳ ನಡುವಿನ ಗಡಿಗಳೇ ಅವುಗಳ ದುರ್ಬಲ ಕೊಂಡಿಗಳು ಎಂಬುದನ್ನು ಬಿಂದು ಬಿಂದುವಾಗಿ ನೋಡಲು ಈ ತಂತ್ರ ನೆರವಾಯಿತು. ಇದರ ಸ್ಪಷ್ಟತೆಯ ಮಿತಿ ಸುಮಾರು ಒಂದು ಮೈಕ್ರೋಮೀಟರ್. ಸೂಕ್ಷ್ಮದರ್ಶಕದ ದೂಲವನ್ನು ಅದಕ್ಕಿಂತ ಎಷ್ಟೋ ಸಣ್ಣದಾಗಿ ಕೇಂದ್ರೀಕರಿಸಬಹುದು. ಆದರೂ ಚಿತ್ರದ ಸ್ಪಷ್ಟತೆಯನ್ನು ನಿರ್ಧರಿಸುವುದು ದೂಲದ ಗಾತ್ರವಲ್ಲ, ಬಿಸಿ ಹರಡುವ ದೂರ. ಇಲ್ಲೂ ಹೊರದಾರಿಯದೇ ಮಾತು.

ದೂಲ ಸರಿದರೂ ಆರದ ಬಿಸಿ

ಇದುವರೆಗೆ ದೂಲ ಸರಿದೊಡನೆ ಪೊರೆ ಮೊದಲಿನಂತಾಗುತ್ತದೆ ಎಂದುಕೊಂಡೆವು. ಯಾವಾಗಲೂ ಹಾಗಾಗುವುದಿಲ್ಲ. ಪಟ್ಟಿಯಲ್ಲಿ ದೊಡ್ಡ ವಿದ್ಯುತ್ ಪ್ರವಾಹ ಹರಿಯುತ್ತಿದೆ ಎನ್ನಿ. ದೂಲ ಒಂದು ಚುಕ್ಕೆಯನ್ನು ಕ್ರಾಂತಿಕ ತಾಪದ ಮೇಲಕ್ಕೆ ಒಯ್ದಿತು. ಆ ಚುಕ್ಕೆಗೆ ಈಗ ರೋಧವಿದೆ. ರೋಧವಿರುವೆಡೆ ಪ್ರವಾಹ ತಾನೇ ಉಷ್ಣವನ್ನು ಹುಟ್ಟಿಸುತ್ತದೆ. ಇಸ್ತ್ರಿ ಪೆಟ್ಟಿಗೆಯ ತಂತಿ ಕಾಯುವುದೂ ಹೀಗೆಯೇ. ದೂಲವನ್ನು ತೆಗೆದರೂ ಈ ಉಷ್ಣ ನಿಲ್ಲುವುದಿಲ್ಲ.

ಮುಂದೇನಾಗುತ್ತದೆ? 1974ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಕೋಕ್‌ಪೋಲ್, ಬೀಸ್ಲಿ ಮತ್ತು ಟಿಂಕಮ್ ಕಿರಿದಾದ ಪೊರೆಗಳಲ್ಲಿ ಇಂತಹ ಬಿಸಿಚುಕ್ಕೆಗಳನ್ನು ವಿವರವಾಗಿ ಅಧ್ಯಯನ ಮಾಡಿದರು. ಪ್ರವಾಹ ಹುಟ್ಟಿಸುವ ಉಷ್ಣ ಒಂದು ಕಡೆ, ಫಲಕಕ್ಕೆ ಇಳಿದುಹೋಗುವ ಉಷ್ಣ ಇನ್ನೊಂದು ಕಡೆ. ಇದು ಆಯ-ವ್ಯಯದ ಲೆಕ್ಕ. ವ್ಯಯ ಹೆಚ್ಚಿದ್ದರೆ ಚುಕ್ಕೆ ಕುಗ್ಗಿ ಮಾಯವಾಗುತ್ತದೆ. ಎರಡೂ ಸಮವಾದರೆ ಅಲ್ಲಿಯೇ ನೆಲೆಸುತ್ತದೆ. ಆಯ ಹೆಚ್ಚಾದರೆ ಪಟ್ಟಿಯುದ್ದಕ್ಕೂ ಬೆಳೆಯುತ್ತದೆ. ಬಿಸಿಚುಕ್ಕೆ ಬದುಕಿ ಉಳಿಯಲು ಬೇಕಾದ ಒಂದು ಕನಿಷ್ಠ ಪ್ರವಾಹವಿದೆ, ಮತ್ತು ಅದನ್ನು ನಿಗದಿಪಡಿಸುವುದು ಫಲಕ ಉಷ್ಣವನ್ನು ಎಷ್ಟು ಚೆನ್ನಾಗಿ ಹೀರುತ್ತದೆ ಎಂಬುದು. ಟ್ಯೂಬಿಂಗೆನ್‌ನಲ್ಲಿ ಇಂತಹ ಚುಕ್ಕೆಗಳನ್ನು ಎಲೆಕ್ಟ್ರಾನ್ ದೂಲದಿಂದಲೇ ನೋಡಿ ಅಧ್ಯಯನ ಮಾಡಿದರು.

ಅತಿವಾಹಕ ಉಪಕರಣ ಕಟ್ಟುವವರಿಗೆ ಇದರಲ್ಲಿ ನೇರವಾದ ಎಚ್ಚರಿಕೆಯಿದೆ. ಒಂದು ಪೊರೆ ಎಷ್ಟು ಪ್ರವಾಹವನ್ನು ಹೊರಬಲ್ಲದು ಎಂಬ ಸಂಖ್ಯೆಯೊಂದೇ ಸಾಲದು. ಎಲ್ಲೋ ಒಂದು ಕಡೆ ಕ್ಷಣಕಾಲ ಬಿಸಿಯಾದರೆ ಅದು ಚೇತರಿಸಿಕೊಳ್ಳಬಲ್ಲದೇ ಎಂಬುದನ್ನೂ ಕೇಳಬೇಕು. ಎರಡನೆಯ ಮಿತಿ ಮೊದಲನೆಯದಕ್ಕಿಂತ ಬಹಳ ಕೆಳಗಿರಬಹುದು.

ವೇಗವರ್ಧಕದಲ್ಲಿ ಬೇಡದ ದೂಲ

ಸೂಕ್ಷ್ಮದರ್ಶಕದಲ್ಲಿ ನಾವು ಬೇಕೆಂದೇ ದೂಲವನ್ನು ಹಾಯಿಸುತ್ತೇವೆ. ಕರೆಯದೆ ಬರುವ ದೂಲವೂ ಉಂಟು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1989ರಿಂದ 2000ದವರೆಗೆ ಲೆಪ್ ಎಂಬ ವೇಗವರ್ಧಕ ನಡೆಯಿತು. 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನುಗಳನ್ನು ಎದುರುಬದುರಾಗಿ ಓಡಿಸುತ್ತಿದ್ದರು. ಅವುಗಳಿಗೆ ಶಕ್ತಿ ತುಂಬುತ್ತಿದ್ದುದು ರೇಡಿಯೋ ತರಂಗಗಳು ತುಂಬಿದ ಲೋಹದ ಕುಹರಗಳು. ಕೊನೆಯ ವರ್ಷಗಳಲ್ಲಿ ಲೆಪ್‌ನಲ್ಲಿದ್ದ 288 ಅತಿವಾಹಕ ಕುಹರಗಳಲ್ಲಿ 16 ಮಾತ್ರ ಗಟ್ಟಿ ನಿಯೋಬಿಯಮ್‌ನವು. ಉಳಿದ 272 ತಾಮ್ರದ ಕುಹರಗಳು. ಅವುಗಳ ಒಳಮೈಗೆ ಒಂದೆರಡು ಮೈಕ್ರೋಮೀಟರ್ ದಪ್ಪದ ನಿಯೋಬಿಯಮ್ ಪೊರೆ. ಕೆಲಸ ಮಾಡುವ ತಾಪ 4.5 ಕೆಲ್ವಿನ್.

ಇಂತಹ ಕುಹರದ ಒಳಗೋಡೆಯಲ್ಲಿ ಧೂಳಿನ ಒಂದು ಕಣ ಉಳಿದರೂ ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಅದರ ಮೊನೆಯಿಂದ ಎಲೆಕ್ಟ್ರಾನುಗಳು ಚಿಮ್ಮುತ್ತವೆ. ಇದಕ್ಕೆ ಕ್ಷೇತ್ರ ಉತ್ಸರ್ಜನೆ ಎಂದು ಹೆಸರು. ಅವು ಕುಹರದ ಕ್ಷೇತ್ರದಲ್ಲೇ ವೇಗ ಪಡೆದು ಎದುರಿನ ಗೋಡೆಗೆ ಅಪ್ಪಳಿಸಿ ಎಕ್ಸ್ ಕಿರಣಗಳನ್ನೂ ಉಷ್ಣವನ್ನೂ ಹುಟ್ಟಿಸುತ್ತವೆ. ಗೋಡೆಯ ಒಂದು ಭಾಗ ಬಿಸಿಯಾದರೆ ಅಲ್ಲಿನ ಅತಿವಾಹಕತೆ ಕುಸಿಯಬಹುದು. ಕುಸಿತ ಹರಡಿದರೆ ಇಡೀ ಕುಹರ ನಿಷ್ಕ್ರಿಯ.

ಇಲ್ಲಿ ತಾಮ್ರ ನೆರವಿಗೆ ಬರುತ್ತದೆ. ಆ ತಾಪದಲ್ಲಿ ಒಳ್ಳೆಯ ತಾಮ್ರದ ಉಷ್ಣ ವಾಹಕತೆ ಮೀಟರ್-ಕೆಲ್ವಿನ್‌ಗೆ ನೂರಾರು ವಾಟ್. ಸಾಧಾರಣ ಶುದ್ಧತೆಯ ನಿಯೋಬಿಯಮ್‌ನದು ಹತ್ತರ ಆಸುಪಾಸು. ಶಕ್ತಿಯುತ ಎಲೆಕ್ಟ್ರಾನುಗಳು ತೆಳುಪೊರೆಯನ್ನು ದಾಟಿ ತಾಮ್ರದೊಳಗೇ ತಮ್ಮ ಶಕ್ತಿಯನ್ನು ಸುರಿಯುತ್ತವೆ. ತಾಮ್ರ ಅದನ್ನು ಹರಡಿ ದ್ರವ ಹೀಲಿಯಮ್‌ಗೆ ಒಪ್ಪಿಸುತ್ತದೆ. ವಿದ್ಯುತ್ತಿನ ಕೆಲಸ ನಿಯೋಬಿಯಮ್‌ಗೆ, ಉಷ್ಣದ ಕೆಲಸ ತಾಮ್ರಕ್ಕೆ ಎಂಬ ಈ ಹಂಚಿಕೆಯಿಂದ ಕುಹರಗಳಿಗೆ ಉಷ್ಣ ಸ್ಥಿರತೆ ದೊರೆಯಿತು. ದುಬಾರಿ ನಿಯೋಬಿಯಮ್‌ನಲ್ಲೂ ಉಳಿತಾಯವಾಯಿತು. 2000ನೇ ಇಸವಿಯಲ್ಲಿ ಲೆಪ್‌ನ ಪ್ರತಿ ದೂಲದ ಶಕ್ತಿ 104 ಗಿಗಾ ಎಲೆಕ್ಟ್ರಾನ್ ವೋಲ್ಟ್ ದಾಟಿತು. ಅದೇ ಸುರಂಗದಲ್ಲಿ ಅದರ ಜಾಗಕ್ಕೆ ಬಂದ ಬೃಹತ್ ಹೇಡ್ರಾನ್ ಘರ್ಷಕಕ್ಕೂ ಇದೇ ಬಗೆಯ, ತಾಮ್ರದ ಮೇಲೆ ನಿಯೋಬಿಯಮ್ ಲೇಪಿಸಿದ 16 ಕುಹರಗಳನ್ನು ಕೂಡಿಸಲಾಯಿತು.

ಇದಕ್ಕೊಂದು ಷರತ್ತಿದೆ. ಪೊರೆ ತಾಮ್ರಕ್ಕೆ ಎಲ್ಲೆಡೆಯೂ ಬಿಗಿಯಾಗಿ ಅಂಟಿರಬೇಕು. ಒಂದು ಕಡೆ ಸಣ್ಣ ಗುಳ್ಳೆಯಂತೆ ಎದ್ದಿದ್ದರೂ ಅಲ್ಲಿ ಪೊರೆಗೆ ಹೊರದಾರಿ ಇಲ್ಲ. ಕೆಳಗೆ ಎಷ್ಟೇ ಒಳ್ಳೆಯ ತಾಮ್ರವಿದ್ದರೂ ಆ ಗುಳ್ಳೆಯ ನೆತ್ತಿ ಕಾದುಹೋಗುತ್ತದೆ. ಆದ್ದರಿಂದಲೇ ಲೇಪಿಸುವ ಮೊದಲು ತಾಮ್ರದ ಮೈಯನ್ನು ರಾಸಾಯನಿಕಗಳಿಂದ ತೊಳೆದು ಶುಚಿಗೊಳಿಸುವುದಕ್ಕೆ ಲೇಪನದಷ್ಟೇ ಗಮನ ಕೊಡಬೇಕಾಗುತ್ತದೆ.

ದುರ್ಬಲತೆಯ ಸದುಪಯೋಗ

ಅತಿವಾಹಕ ಪೊರೆ ಇಷ್ಟು ಬೇಗ ಬಿಸಿಯಾಗುತ್ತದೆ ಎಂಬುದೇ ಅದನ್ನು ಅತ್ಯುತ್ತಮ ಶೋಧಕವನ್ನಾಗಿಯೂ ಮಾಡಿದೆ. 1940ರ ದಶಕದಲ್ಲೇ ಅಮೆರಿಕದ ಡೊನಾಲ್ಡ್ ಆಂಡ್ರ್ಯೂಸ್ ಮತ್ತು ಸಂಗಡಿಗರು ಅತಿವಾಹಕ ಪಟ್ಟಿಯನ್ನು ಕ್ರಾಂತಿಕ ತಾಪದಲ್ಲಿ ನಿಲ್ಲಿಸಿ ಅವಕೆಂಪು ಕಿರಣಗಳನ್ನು ಗುರುತಿಸಿದರು. 1949ರಲ್ಲಿ ನಿಯೋಬಿಯಮ್ ನೈಟ್ರೈಡಿನ ಪಟ್ಟಿಯಿಂದ ಆಲ್ಫಾ ಕಣಗಳನ್ನು ಒಂದೊಂದಾಗಿ ಹಿಡಿದರು. 2001ರಲ್ಲಿ ಮಾಸ್ಕೋದ ಗೋಲ್ಟ್ಸ್‌ಮನ್ ಮತ್ತು ಸಹೋದ್ಯೋಗಿಗಳು ಅದೇ ವಸ್ತುವಿನ ಬಹು ತೆಳುವಾದ, ಕಿರಿದಾದ ಪಟ್ಟಿ ಬೆಳಕಿನ ಒಂದೇ ಫೋಟಾನಿಗೂ ಸ್ಪಂದಿಸುವುದನ್ನು ತೋರಿಸಿದರು. ಈ ಶೋಧಕಗಳಲ್ಲಿ ಒಂದು ಎಣಿಕೆ ಮುಗಿಸಿ ಮುಂದಿನದಕ್ಕೆ ಸಿದ್ಧವಾಗಬೇಕಾದರೆ ಬಿಸಿಚುಕ್ಕೆ ಬೇಗನೆ ಆರಬೇಕು. ಹೊರದಾರಿ ಕೆಟ್ಟಿದ್ದರೆ ಶೋಧಕ ಒಮ್ಮೆ ಸ್ಪಂದಿಸಿ ಹಾಗೆಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಹೀಗೆ ಅತಿವಾಹಕ ಪೊರೆಯ ಬಗ್ಗೆ ಯೋಚಿಸುವಾಗ ನಮ್ಮ ಗಮನ ಸಾಮಾನ್ಯವಾಗಿ ಪೊರೆಯ ಮೇಲೆಯೇ ಇರುತ್ತದೆ: ಅದರ ಶುದ್ಧತೆ, ಅದರ ಕ್ರಾಂತಿಕ ತಾಪ, ಅದು ಹೊರುವ ಪ್ರವಾಹ. ಎಲೆಕ್ಟ್ರಾನ್ ದೂಲ ನಮ್ಮ ನೋಟವನ್ನು ಒಂದು ಪದರ ಕೆಳಗಿಳಿಸುತ್ತದೆ. ಇಂತಹ ಪೊರೆಯ ವಿವರವನ್ನು ಮುಂದೆ ಎಲ್ಲಾದರೂ ಓದಿದಾಗ ಅದು ಯಾವುದರ ಮೇಲೆ ಕುಳಿತಿದೆ, ಅಲ್ಲಿಗೆ ಹೇಗೆ ಅಂಟಿಕೊಂಡಿದೆ ಎಂಬ ಎರಡು ಸಂಗತಿಗಳನ್ನೂ ಹುಡುಕಿ ನೋಡಿ. ಅದು ಎಷ್ಟು ಬಿಸಿಯನ್ನು ತಾಳುತ್ತದೆ ಎಂಬ ಅಂದಾಜು ಅಷ್ಟರಿಂದಲೇ ನಿಮಗೆ ಸಿಗುತ್ತದೆ.